ಕಂಠಧಮನಿಯ ಇತಿಹಾಸ

ಜಮಖಂಡಿ-ಮುಧೋಳ ಸೀಮೆಯ ಗರಡಿಮನೆಗಳಲ್ಲಿ ಮಣ್ಣು ಮುಟ್ಟಿ ಬೆಳೆದ ಜಟ್ಟಿಗಳಿಗೆ ಮನುಷ್ಯನ ಗೋಣಿನ ವಿಷಯವಾಗಿ ಒಂದು ಸಂಗತಿ ಯಾರೂ ಓದಿಸದೆಯೇ ತಿಳಿದಿರುವುದು. ಎದುರಾಳಿಯ ಗೋಣನ್ನು ತೋಳಿನ ಸಂದಿನಲ್ಲಿ ಸಿಕ್ಕಿಸಿ ಎರಡು ಪಕ್ಕಗಳನ್ನೂ ಒಮ್ಮೆಗೇ ಅದುಮಿದರೆ, ಉಸಿರಿನ ದಾರಿ ತೆರೆದೇ ಇದ್ದರೂ, ಕೆಲವೇ ಕ್ಷಣಗಳಲ್ಲಿ ಅವನಿಗೆ ಕಣ್ಣು ಕತ್ತಲೆಗಟ್ಟಿ ಮೈ ಸಡಿಲುವುದು. ತಿಳಿದ ವಸ್ತಾದರು ಇಂಥ ಪಟ್ಟನ್ನು ಹುಡುಗರ ಕೈಗೆ ಕೊಡರು. ಇದೇ ಸಂಗತಿಯನ್ನು ಗ್ರೀಕ ಪಂಡಿತನಾದ ಅರಿಸ್ಟಾಟಲನು ಕ್ರಿಸ್ತನಿಗಿಂತ ಮೂರು ಶತಮಾನಗಳಿಗೂ ಹಿಂದೆ ತನ್ನ ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಬರೆದಿಟ್ಟಿರುವನು. ಆದರೆ ಹಾಗೇಕೆ ಆಗುವುದೆಂಬ ಪ್ರಶ್ನೆಗೆ ಸರಿಯಾದ ಉತ್ತರವು ದೊರೆಯಬೇಕಾದರೆ ಎರಡು ಸಾವಿರ ವರ್ಷಗಳೇ ಹಿಡಿದುವು. ಗೋಣಿನೊಳಗಿನ ಒಂದು ನಾಳದ ನಿಜಸ್ಥಿತಿಯನ್ನು ಅರಿಯಲು ಇಷ್ಟು ಕಾಲ ಬೇಕಾದುದೇಕೆ ಎಂಬುದನ್ನು ವಿಚಾರಿಸಿದರೆ, ಶಾಸ್ತ್ರಕ್ಕೂ ಪ್ರತ್ಯಕ್ಷಕ್ಕೂ ಇರುವ ಸಂಬಂಧವು ಮನವರಿಕೆಯಾಗುವುದು.

ಮೊದಲು ಆ ನಾಳದ ಸ್ವರೂಪವನ್ನು ನೋಡುವ. ಗಂಟಲಮಣಿಯ ಪಕ್ಕದಲ್ಲಿ ಎರಡು ಬೆರಳುಗಳನ್ನು ಮೆಲ್ಲನೆ ಇಟ್ಟರೆ ಒಂದು ನಾಡಿಯು ಬಲವಾಗಿ ಮಿಡಿಯುತ್ತಿರುವುದು ತಿಳಿಯುವುದು. ಇದನ್ನು ಇಂದಿನ ವೈದ್ಯರು ಕ್ಯಾರೋಟಿಡ್ ಅಪಧಮನಿಯೆಂದು ಕರೆಯುವರು, ಕಂಠಧಮನಿಯೆಂದರೂ ಸಲ್ಲುವುದು. ಎಡಗಡೆಯದು ಹೃದಯದಿಂದ ಹೊರಟ ಮಹಾಧಮನಿಯ ಕಮಾನಿನಿಂದ ನೇರವಾಗಿ ಹುಟ್ಟುವುದು. ಬಲಗಡೆಯದು, ಬಲತೋಳಿಗೂ ತಲೆಗೂ ಸಮಾನವಾದ ಒಂದು ಬೊಡ್ಡೆಯಿಂದ ಕವಲೊಡೆಯುವುದು. ಎರಡೂ ಶ್ವಾಸನಾಳದ ಇಕ್ಕೆಲಗಳಲ್ಲಿ ಮೇಲಕ್ಕೆ ಏರಿ, ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಎರಡೆರಡು ಕವಲುಗಳಾಗುವುವು. ಹೊರಗವಲು ಎಂಟು ಶಾಖೆಗಳಿಂದ ನಾಲಗೆ, ಮುಖ, ದವಡೆ, ಕಿವಿಯ ಹಿಂಭಾಗ, ಕಪಾಲದ ಚರ್ಮ ಮುಂತಾದುವುಗಳಿಗೆ ರಕ್ತವನ್ನು ಹಂಚುವುದು. ಒಳಗವಲು ಗೋಣಿನಲ್ಲಿ ಒಂದು ಶಾಖೆಯನ್ನೂ ಕೊಡದೆ, ಕಿವಿಯ ಬಳಿಯ ಗಟ್ಟಿ ಎಲುಬನ್ನು ಕೊರೆದಂತಿರುವ ಒಂದು ಸುರಂಗದ ಮೂಲಕ ತಲೆಬುರುಡೆಯನ್ನು ಹೊಕ್ಕು, ಕಣ್ಣಿಗೂ ಮೆದುಳಿಗೂ ರಕ್ತವನ್ನು ಒಯ್ಯುವುದು. ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲಷ್ಟೇ ಇರುವ ಮೆದುಳು, ಹೃದಯವು ಹೊರಡಿಸುವ ರಕ್ತದಲ್ಲಿ ನೂರಕ್ಕೆ ಸುಮಾರು 15 ಪಾಲನ್ನು ಬೇಡುವುದು. ಅದರ ಬಹುಭಾಗವು ಈ ಎರಡು ಒಳಗವಲುಗಳಿಂದಲೇ ಬರತಕ್ಕದ್ದು. ಈ ಧಮನಿಯು ಗೋಣಿನಲ್ಲಿ ಒಂಟಿಯಾಗಿ ಇರುವುದಿಲ್ಲ. ಒಂದೇ ಒರೆಯಲ್ಲಿ ಅದರ ಹೊರಮಗ್ಗುಲಿಗೆ ತಲೆಯಿಂದ ರಕ್ತವನ್ನು ಇಳಿಸುವ ದೊಡ್ಡ ಸಿರೆಯೂ, ಇವೆರಡರ ನಡುವೆ ಹಿಂಬದಿಗೆ ವೇಗಸ್ ಎಂಬ ಜ್ಞಾನತಂತುವೂ ಇರುವುವು. ಈ ಮೂವರ ಸಹವಾಸವೇ ಪ್ರಾಚೀನರ ಅನೇಕ ಸಂದೇಹಗಳಿಗೆ ಕಾರಣವಾಯಿತು.

ಕ್ಯಾರೋಟಿಡ್ ಎಂಬ ಹೆಸರು ಮಂಪರು ಎಂಬರ್ಥದ ಗ್ರೀಕ ಶಬ್ದದಿಂದ ಬಂದುದು. ಈ ನಾಳಗಳನ್ನು ಒತ್ತಿದರೆ ಮನುಷ್ಯನು ಮಂಪರಿಗೆ ಬೀಳುವನೆಂದು ಹಿಂದಿನವರು ಹಾಗೆ ಹೆಸರಿಟ್ಟರೆಂದೂ, ದೋಷವು ನಾಳಗಳದಲ್ಲ, ನೆರೆಯ ಜ್ಞಾನತಂತುಗಳದೆಂದೂ ಎಫೆಸಸ್ ನಗರದ ರೂಫಸ್ ಎಂಬ ವೈದ್ಯನು ಕ್ರಿಸ್ತಶಕದ ಆದಿಯಲ್ಲಿ ಬರೆದನು. ಕ್ರಿ. ಶ. 129ರಲ್ಲಿ ಹುಟ್ಟಿದ ಗ್ಯಾಲೆನ್ ಎಂಬ ಮಹಾವೈದ್ಯನು ಇದನ್ನು ಪ್ರಯೋಗದಿಂದ ಪರೀಕ್ಷಿಸಿದನು. ಪ್ರಾಣಿಗಳ ಗೋಣಿನ ಧಮನಿಗಳನ್ನಷ್ಟೇ ಕಟ್ಟಿದಾಗ ಅವು ಮೂರ್ಛೆ ಹೋಗಲಿಲ್ಲ. ಹಂದಿಯ ಗೋಣಿನಲ್ಲಿ ಧ್ವನಿಯನ್ನು ಆಳುವ ಜ್ಞಾನತಂತುಗಳನ್ನು ಕಟ್ಟಿದಾಗಲಾದರೋ ಕಿರಿಚುತ್ತಿದ್ದ ಪ್ರಾಣಿಯು ತಟ್ಟನೆ ಮೂಕವಾಯಿತು. ಬಿಚ್ಚಿದಾಗ ಮತ್ತೆ ಕೂಗಿತು. ರೋಮ ನಗರದಲ್ಲಿ ಪ್ರತಿಷ್ಠಿತರ ಎದುರಿನಲ್ಲಿ ಅವನು ಮಾಡಿ ತೋರಿಸಿದ ಈ ಪ್ರಯೋಗವು ಶಾರೀರಶಾಸ್ತ್ರದ ಇತಿಹಾಸದಲ್ಲಿ ಚಿರಸ್ಮರಣೀಯವಾಗಿದೆ.

ಈಗ ನಮ್ಮ ದೇಶದ ಕಡೆಗೆ ತಿರುಗುವ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 107 ಮರ್ಮಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ 37 ಕೊರಳೆಲುಬಿನಿಂದ ಮೇಲಿನವು. ಕಂಠನಾಳದ ಎರಡು ಕಡೆಗಳಲ್ಲಿ ನಾಲ್ಕು ಧಮನಿಗಳಿರುವುವೆಂದೂ, ಅವುಗಳಲ್ಲಿ ಎರಡಕ್ಕೆ ನೀಲಾ ಎಂದೂ ಎರಡಕ್ಕೆ ಮನ್ಯಾ ಎಂದೂ ಹೆಸರೆಂದೂ, ಅಲ್ಲಿ ಪೆಟ್ಟು ಬಿದ್ದರೆ ಮೂಕತ್ವವೂ ಸ್ವರವಿಕಾರವೂ ರುಚಿಯ ಅರಿವಿಲ್ಲದಿರುವಿಕೆಯೂ ಉಂಟಾಗುವುವೆಂದೂ ಆಚಾರ್ಯನು ಹೇಳುವನು. ಇವಲ್ಲದೆ ಗ್ರೀವೆಯ ಒಂದೊಂದು ಕಡೆಗೆ ನಾಲ್ಕರಂತೆ ಎಂಟು ಮಾತೃಕಾ ಸಿರೆಗಳಿರುವುವು; ಅವುಗಳಿಗೆ ಪೆಟ್ಟಾದರೆ ಆಗಿಂದಾಗಲೇ ಮರಣ. ರಕ್ತಮೋಕ್ಷಣದ ಪ್ರಸಂಗದಲ್ಲಿ, ಗ್ರೀವೆಯ 56 ಸಿರೆಗಳಲ್ಲಿ 16ನ್ನು ಶಸ್ತ್ರದಿಂದ ಮುಟ್ಟಲಾಗದೆಂಬ ನಿಷೇಧವೂ ಇದೆ. ಮೇಲೆ ಹೇಳಿದ ಹನ್ನೆರಡೂ ಆ ಹದಿನಾರರಲ್ಲಿ ಸೇರಿವೆ. ಧಮನಿಯ ಒರೆಯಲ್ಲಿರುವ ವೇಗಸ್ ತಂತುವಿಗೋ ಅದರ ಕವಲಿಗೋ ಗಾಯವಾದರೆ ಸ್ವರವು ಕೆಡುವುದೆಂಬುದನ್ನೂ, ನಾಲಗೆಯ ತಂತುಗಳು ಧಮನಿಯ ಕವಲಿಗೆ ಸಮೀಪದಲ್ಲಿಯೇ ಹಾಯುವುವೆಂಬುದನ್ನೂ ಬಲ್ಲವರಿಗೆ ಈ ಲಕ್ಷಣಗಳು ಕಲ್ಪನೆಯೆಂದು ತೋರಲಾರವು. ರಣದಲ್ಲಿ ಗಾಯಗೊಂಡವರನ್ನು ಕಣ್ಣಾರೆ ಕಂಡವರ ಅನುಭವವೇ ಅದು. ಗ್ಯಾಲೆನನ ಮೂಕ ಹಂದಿಯೂ ಸುಶ್ರುತನ ಮೂಕ ಯೋಧನೂ ಒಂದೇ ಸತ್ಯಕ್ಕೆ ಸಾಕ್ಷಿಗಳು. ಇನ್ನೊಂದು ಸಾಮ್ಯವೂ ಗಮನಾರ್ಹವಾಗಿದೆ. ಧಮನಿಯೆಂಬ ಶಬ್ದವು ಊದುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಯುರೋಪಿನ ‘ಆರ್ಟರಿ’ ಎಂಬುದರ ಮೂಲವಾದ ಗ್ರೀಕ ಶಬ್ದಕ್ಕೂ ಮೊದಲು ಗಾಳಿಯ ಕೊಳವೆಯೆಂದೇ ಅರ್ಥವಿದ್ದಿತು. ಸತ್ತ ದೇಹದಲ್ಲಿ ಈ ನಾಳಗಳು ಬಹುಮಟ್ಟಿಗೆ ಬರಿದಾಗಿರುವುದರಿಂದ ಅವು ವಾಯುವಿನ ಮಾರ್ಗಗಳೆಂಬ ಭಾವನೆಯು ಗ್ರೀಕರಲ್ಲಿ ಬಹುಕಾಲ ನೆಲಸಿತ್ತು.

ಸುಶ್ರುತನು ಕೇವಲ ಹೆಸರುಗಳ ಪಟ್ಟಿಯನ್ನು ಕೊಟ್ಟು ತೃಪ್ತನಾಗಲಿಲ್ಲ. ಶಲ್ಯವೈದ್ಯನಾಗಬೇಕೆನ್ನುವವನು ಶವವನ್ನು ಶೋಧಿಸಿ ನೋಡಲೇಬೇಕೆಂದು ವಿಧಿಸಿದನು. ಅಂಗವೆಲ್ಲ ಪೂರ್ಣವಾಗಿರುವ, ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ, ನೂರು ವರ್ಷದ ಮುದುಕನದಲ್ಲದ ದೇಹವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಗುಪ್ತಸ್ಥಳದಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಲಾವಂಚದ ಬೇರು, ಕೂದಲು, ಬಿದಿರು ಇವುಗಳ ಕುಂಚದಿಂದ ಮೆಲ್ಲಮೆಲ್ಲನೆ ತಿಕ್ಕುತ್ತ, ಚರ್ಮದಿಂದ ಮೊದಲುಗೊಂಡು ಒಂದೊಂದನ್ನೂ ಕಣ್ಣಿನಿಂದ ನೋಡಬೇಕೆಂಬುದು ಅವನ ಕ್ರಮ. ಕಂಡುದೂ ಓದಿದುದೂ ಕೂಡಿದಲ್ಲಿಯೇ ಜ್ಞಾನವು ಹೆಚ್ಚುವುದೆಂಬುದು ಅವನ ಅಭಿಪ್ರಾಯ. ನೀರಿನಲ್ಲಿ ಕೊಳೆತ ದೇಹದಲ್ಲಿ ಎಲುಬುಗಳೂ ಸ್ನಾಯುಗಳೂ ಕಾಣುವಷ್ಟು ಚೆನ್ನಾಗಿ ಮೃದುವಾದ ನಾಳಗಳೂ ತಂತುಗಳೂ ಕಾಣಲಾರವೆಂಬ ಕೊರತೆಯು ಈ ಕ್ರಮದಲ್ಲಿ ಇದ್ದೇ ಇದೆ. ಆದರೂ ನೋಡಬೇಕೆಂಬ ವಿಧಿಯು ಉಳಿದಿದ್ದರೆ, ನೋಡುವ ಉಪಾಯವು ತಲೆಮಾರಿನಿಂದ ತಲೆಮಾರಿಗೆ ತಿದ್ದಿಕೊಳ್ಳುತ್ತಿದ್ದಿತು. ಹಾಗಾಗಲಿಲ್ಲ. ಶವಸ್ಪರ್ಶದ ಅಶೌಚಭಯವು ಹೆಚ್ಚಿತು; ಶಸ್ತ್ರವು ಪಂಡಿತರ ಕೈಯಿಂದ ಜಾರಿತು; ಗ್ರಂಥವು ಮಾತ್ರ ಕಂಠಪಾಠದಲ್ಲಿ ಉಳಿಯಿತು. ನೀಲಾ ಯಾವುದು, ಮನ್ಯಾ ಯಾವುದು, ಎಂಟು ಮಾತೃಕೆಗಳಲ್ಲಿ ಯಾವುವು ಧಮನಿಗಳು ಯಾವುವು ಸಿರೆಗಳು ಎಂಬುದರಲ್ಲಿ ಇಂದಿಗೂ ವಿದ್ವಾಂಸರು ಏಕಮತರಾಗಿಲ್ಲ. ಹೆಸರು ಉಳಿದು ವಸ್ತುವು ಮರೆಯಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ.

ಯುರೋಪ ಖಂಡದಲ್ಲಿ ನಡೆದುದು ಇದಕ್ಕೆ ವಿಪರೀತವಾದ ಕಥೆ. ಅಲ್ಲಿ ವಸ್ತುವಿಲ್ಲದೆಯೇ ಹೆಸರು ಬಾಳಿತು. ಗ್ಯಾಲೆನನ ಕಾಲದ ರೋಮ ನಗರದಲ್ಲಿ ಮನುಷ್ಯಶವವನ್ನು ಶೋಧಿಸುವ ರೂಢಿಯಿರಲಿಲ್ಲ. ಅವನು ಎತ್ತು ಮುಂತಾದ ಪ್ರಾಣಿಗಳ ತಲೆಗಳನ್ನು ಬಿಚ್ಚಿ ನೋಡಿದನು. ಅಲ್ಲಿ ಕಂಠಧಮನಿಯ ರಕ್ತವು ಮೆದುಳಿನ ಬುಡಕ್ಕೆ ಬಂದೊಡನೆ ಅಸಂಖ್ಯವಾದ ಕಿರುನಾಳಗಳಾಗಿ ಒಡೆದು, ಹೆಣೆದುಕೊಂಡು, ಮತ್ತೆ ಒಂದುಗೂಡುವ ಒಂದು ವಿಚಿತ್ರರಚನೆಯು ಅವನಿಗೆ ಕಂಡಿತು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ನೂಲಿನ ಲಡಿಯನ್ನು ನೋಡಿದವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ: ಗಂಟು ಕಟ್ಟಿದ ಲಡಿಯ ಎರಡು ತುದಿಗಳೂ ಒಂದೊಂದು ಹುರಿಯಂತೆ ತೋರಿದರೂ ನಡುವೆ ಎಳೆಗಳು ಬಿಡಿಬಿಡಿಯಾಗಿ ಹರಡಿರುವುವಷ್ಟೆ. ಗ್ಯಾಲೆನನು ಇದನ್ನು ಅದ್ಭುತಜಾಲವೆಂದು ಕೊಂಡಾಡಿ, ದೇಹದ ಪ್ರಾಣಶಕ್ತಿಯು ಇಲ್ಲಿಯೇ ಪಾಕವಾಗಿ ಬುದ್ಧಿಯ ಶಕ್ತಿಯಾಗುವುದೆಂದು ಸಿದ್ಧಾಂತ ಮಾಡಿದನು. ಮನುಷ್ಯನ ತಲೆಯಲ್ಲಿಯೂ ಅದು ಇರುವುದೆಂದು ಭಾವಿಸಿದನು. ಮನುಷ್ಯನಲ್ಲಿ ಅದು ಇಲ್ಲ. ಆದರೂ ಸಾವಿರದ ಮುನ್ನೂರು ವರ್ಷಗಳ ಕಾಲ ಅರಬ್ಬರೂ ಯುರೋಪಿಯನ್ನರೂ ಇಲ್ಲದ ಜಾಲವನ್ನು ಗ್ರಂಥಗಳಲ್ಲಿ ಬರೆದರು, ಚಿತ್ರಗಳಲ್ಲಿ ತೆಗೆದರು, ಶಿಷ್ಯರಿಗೆ ಕಲಿಸಿದರು.

1522ರಲ್ಲಿ ಇಟಲಿಯ ಬೆರೆಂಗಾರಿಯೋ ಎಂಬ ಶಾರೀರಜ್ಞನು, ಎಷ್ಟು ಹುಡುಕಿದರೂ ಈ ಜಾಲವು ತನಗೆ ಮನುಷ್ಯನಲ್ಲಿ ದೊರೆಯಲಿಲ್ಲವೆಂದು ಧೈರ್ಯದಿಂದ ಸಾರಿದನು. 1543ರಲ್ಲಿ ವೆಸೇಲಿಯಸನು ತನ್ನ ಮಹಾಗ್ರಂಥದಲ್ಲಿ ಇದನ್ನು ಸಂಪೂರ್ಣವಾಗಿ ತಿದ್ದಿದನು. ತಾನೂ ಹಿಂದೆ ಪಾಠ ಹೇಳುವಾಗ ಮನುಷ್ಯನ ತಲೆಯ ಬದಿಗೆ ಕುರಿಯದೋ ಎತ್ತಿನದೋ ತಲೆಯನ್ನು ಇಟ್ಟುಕೊಂಡು, ಜಾಲವನ್ನು ಅದರಲ್ಲಿಯೇ ತೋರಿಸುತ್ತಿದ್ದೆನೆಂದು ಅವನು ನಾಚಿಕೆಯಿಂದ ಬರೆದಿರುವನು. ಎದುರಿಗಿರುವುದು ಕಾಣದೆ, ಗುರುವು ಹೇಳಿದುದು ಮಾತ್ರ ಕಾಣುವಷ್ಟು ಗ್ರಂಥದ ಬಲವು ಕಣ್ಣನ್ನು ಕಟ್ಟಿದ್ದಿತು.

ಹೀಗೆಂದು ಗ್ಯಾಲೆನನನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಅವನು ಕಂಡುದು ಸುಳ್ಳಲ್ಲ. ಕಂಡ ಸ್ಥಳವು ಬೇರೆ. ಎತ್ತು, ಕುರಿ, ಆಡು, ಹುಲ್ಲೆ ಇವುಗಳ ತಲೆಯಲ್ಲಿ ಆ ಜಾಲವು ನಿಜವಾಗಿಯೂ ಇದೆ. ಅದರ ಪ್ರಯೋಜನವಾದರೋ ಬಹು ಸ್ವಾರಸ್ಯವಾದುದು. ಮೂಗಿನೊಳಗೆ ಉಸಿರಿನಿಂದ ತಂಪಾದ ಸಿರೆಯ ರಕ್ತವು ಈ ಜಾಲದ ಸುತ್ತಲೂ ಹರಿಯುವುದು. ಜಾಲದಲ್ಲಿ ಹಂಚಿಹೋದ ಬಿಸಿ ರಕ್ತವು ತನ್ನ ಕಾವನ್ನು ಅದಕ್ಕೆ ಕೊಟ್ಟು ತಣಿದು ಮೆದುಳಿಗೆ ಏರುವುದು. 1972ರಲ್ಲಿ ಟೇಲರ್ ಮತ್ತು ಲೈಮನ್ ಎಂಬಿಬ್ಬರು ಅಮೇರಿಕದ ಶೋಧಕರು ಆಫ್ರಿಕದ ಸಣ್ಣ ಹುಲ್ಲೆಗಳನ್ನು ಓಡಿಸಿ ಅಳೆದಾಗ, ಮೈಯೊಳಗಿನ ರಕ್ತಕ್ಕಿಂತ ಮೆದುಳು ಎರಡೂವರೆ ಡಿಗ್ರಿಗೂ ಹೆಚ್ಚು ತಂಪಾಗಿದ್ದುದು ಕಂಡುಬಂದಿತು. ನೀರು ಕಡಿಮೆಯಾದಾಗ ಮೈಯ ತೇವವನ್ನು ಉಳಿಸುವುದರಲ್ಲಿಯೂ ಈ ಏರ್ಪಾಡು ಸಹಾಯಕವೆಂದು ತರುವಾಯದ ಶೋಧಕರು ತೋರಿಸಿರುವರು. ಆ ಆಫ್ರಿಕದ ಹುಲ್ಲೆಯ ದಾಯಾದಿಯಾದ ಚಿಂಕಾರವು ಬೀಳಗಿ-ಮುಧೋಳ ತಾಲೂಕುಗಳ ಕುರುಚಲು ಕಾಡಿನಲ್ಲಿ ವಾಸಿಸುತ್ತದೆ. ಅದರ ರಕ್ಷಣೆಗಾಗಿ 2016ರಲ್ಲಿ ಯಡಹಳ್ಳಿಯ ವನ್ಯಜೀವಿಧಾಮವು ಘೋಷಿಸಲ್ಪಟ್ಟಿತು. ಇದೇ ಸೀಮೆಯ ಇನ್ನೊಂದು ಪ್ರಸಿದ್ಧ ಪ್ರಾಣಿಯೆಂದರೆ ಮುಧೋಳದ ಬೇಟೆನಾಯಿ. ಘೋರ್ಪಡೆ ಮನೆತನದ ಮಾಲೋಜಿರಾವ್ ಮಹಾರಾಜರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೂಡಿದ ತಳಿಯಿದು. ಅಟ್ಟುವ ಈ ನಾಯಿಯ ತಲೆಯಲ್ಲಿ ಹುಲ್ಲೆಗಿರುವಂಥ ಜಾಲವಿಲ್ಲ. ಅಟ್ಟಿಸಿಕೊಳ್ಳುವ ಹುಲ್ಲೆಗೆ ಇದೆ. ಒಂದೇ ಬಯಲಿನಲ್ಲಿ ಒಂದರ ಹಿಂದೊಂದು ಓಡುವ ಎರಡು ಪ್ರಾಣಿಗಳ ಕಂಠಧಮನಿಗಳು ಎರಡು ಬಗೆಯಾಗಿರುವಾಗ, ಎತ್ತಿನಿಂದ ಮನುಷ್ಯನನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದನ್ನು ವಾಚಕರೇ ತಿಳಿಯಬಹುದು.

ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಶೋಧವು ತೀವ್ರಗತಿಯಿಂದ ಸಾಗಿತು. 1628ರಲ್ಲಿ ಇಂಗ್ಲಂಡದ ಹಾರ್ವೆಯು ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುವುದೆಂದು ಸಾಧಿಸಿದನು. 1664ರಲ್ಲಿ ಥಾಮಸ್ ವಿಲ್ಲಿಸನು ಮೆದುಳಿನ ಬುಡದಲ್ಲಿ ಎರಡು ಕಂಠಧಮನಿಗಳೂ, ಗೋಣಿನ ಮಣಿಗಳೊಳಗಿಂದ ಏರಿಬರುವ ಇನ್ನೆರಡು ಧಮನಿಗಳೂ ಕೂಡಿ ಒಂದು ಬಳೆಯಂತಾಗುವುದನ್ನು ವಿವರಿಸಿದನು. ಆ ಗ್ರಂಥಕ್ಕೆ ಚಿತ್ರಗಳನ್ನು ತೆಗೆದವನು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಶಿಲ್ಪಿಯೆಂದು ಹೆಸರಾದ ಕ್ರಿಸ್ಟೋಫರ್ ರೆನ್. ಒಂದು ಕಡೆಯ ಕಂಠಧಮನಿಯು ಪೂರ್ತಿಯಾಗಿ ಮುಚ್ಚಿಹೋಗಿದ್ದರೂ ಪಾರ್ಶ್ವವಾಯುವಿಲ್ಲದೆ ಬಾಳಿ, ಬೇರೆ ರೋಗದಿಂದ ಸತ್ತ ಒಬ್ಬನ ದೇಹವನ್ನು ವಿಲ್ಲಿಸನು ನೋಡಿದ್ದನು. ಒಂದು ಕಾಲುವೆಯು ಬತ್ತಿದರೆ ಉಳಿದವು ಬಳೆಯ ಮೂಲಕ ನೀರನ್ನು ಹಾಯಿಸುವುವೆಂಬುದೇ ಇದರ ರಹಸ್ಯ. ಎರಡು ಕಡೆಗಳನ್ನೂ ಒಮ್ಮೆಗೇ ಒತ್ತಿದರೆ ಮಾತ್ರ ಉಳಿದ ಕಾಲುವೆಗಳು ಮನುಷ್ಯನಿಗೆ ಸಾಲವು. ಆಗ ಜಟ್ಟಿಯು ಕಣ್ಣು ಮುಚ್ಚುವನು. ಈ ಬಳೆಯ ಬಲದಿಂದಲೇ ಶಸ್ತ್ರವೈದ್ಯರಿಗೂ ಧೈರ್ಯ ಬಂದಿತು. ಲಂಡನ್ನಿನ ಆಸ್ಟ್ಲಿ ಕೂಪರನು 1805ರಲ್ಲಿ ಗೋಣಿನ ಧಮನಿಯ ಉಬ್ಬಿಗಾಗಿ ಅದನ್ನು ಕಟ್ಟಿದನು, ರೋಗಿಯು ಉಳಿಯಲಿಲ್ಲ. 1808ರಲ್ಲಿ ಮತ್ತೆ ಕಟ್ಟಿದಾಗ ರೋಗಿಯು ಗುಣಹೊಂದಿ ಹಲವು ವರ್ಷ ಬದುಕಿದನು.

ಭಾರತದಲ್ಲಿ ಶಾಸ್ತ್ರವೂ ಪ್ರತ್ಯಕ್ಷವೂ ಮತ್ತೆ ಕೈಹಿಡಿದ ಸಂಧಿಕಾಲವು 1836. ಕಲಕತ್ತೆಯ ಸಂಸ್ಕೃತ ಪಾಠಶಾಲೆಯಲ್ಲಿ ಆಯುರ್ವೇದವನ್ನು ಕಲಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು, ಅಲ್ಲಿಯ ಹೊಸ ವೈದ್ಯಕೀಯ ವಿದ್ಯಾಲಯವನ್ನು ಸೇರಿ, ಲೋಕಾಪವಾದಕ್ಕೆ ಅಂಜದೆ ಆ ವರ್ಷ ಮನುಷ್ಯಶವವನ್ನು ಶೋಧಿಸಿದರು. ಸುಶ್ರುತಸಂಹಿತೆಯು ಮೊದಲ ಸಲ ಅಚ್ಚಾದುದು 1835-36ರಲ್ಲಿ. ಅದನ್ನು ಪರಿಷ್ಕರಿಸಿದವರೂ ಇದೇ ಮಧುಸೂದನರು. ಒಂದೇ ಕಾಲದಲ್ಲಿ ಒಂದೇ ಕೈಯು ಗ್ರಂಥವನ್ನು ತಿದ್ದಿತು, ದೇಹವನ್ನೂ ತೆರೆಯಿತು. ಮುಂದೆ ಕವಿರಾಜ ಗಣನಾಥ ಸೇನರು ಕಂಡುದನ್ನೇ ಸಂಸ್ಕೃತದಲ್ಲಿ ಬರೆದು, ಆ ಗ್ರಂಥಕ್ಕೆ ‘ಪ್ರತ್ಯಕ್ಷಶಾರೀರಂ’ ಎಂದೇ ಹೆಸರಿಟ್ಟರು. ಕೃಷ್ಣಾತೀರದ ನಾಡಿಗೆ ಈ ವಿದ್ಯೆಯು ತಡವಾಗಿ ಬಂದಿತು. 1894ರಲ್ಲಿ ಮೀರಜಿನಲ್ಲಿ ಡಾಕ್ಟರ್ ವಾನ್ಲೆಸ್ ಅವರ ಮಿಶನ್ ದವಾಖಾನೆಯು ತೆರೆಯಿತು. ಜಮಖಂಡಿಯ ಕಡೆಯವರು ದೊಡ್ಡ ಶಸ್ತ್ರಕ್ರಿಯೆಗಾಗಿ ಮೀರಜಿನ ಹಾದಿ ಹಿಡಿಯುವುದು ರೂಢಿಯಾಯಿತು. ಬಳಿಕ ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿಯಲ್ಲಿ 1963ರಲ್ಲಿ, ವಿಜಾಪುರದಲ್ಲಿ 1986ರಲ್ಲಿ, ಬಾಗಲಕೋಟೆಯಲ್ಲಿ 2002ರಲ್ಲಿ ವೈದ್ಯಕೀಯ ವಿದ್ಯಾಲಯಗಳಾದುವು. ಬನಹಟ್ಟಿಯ ನೇಕಾರನ ಮಗಳೂ ಬೀಳಗಿಯ ಒಕ್ಕಲಿಗನ ಮಗನೂ ಇಂದು ಊರಿಗೆ ಸಮೀಪದಲ್ಲಿಯೇ ಗೋಣಿನ ಒರೆಯನ್ನು ಬಿಚ್ಚಿ, ಆ ಮೂವರು ಸಹವಾಸಿಗಳನ್ನು ಕಣ್ಣಾರೆ ನೋಡಬಲ್ಲರು.

ಇದೆಲ್ಲವೂ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದುದೆಂದು ಭಾವಿಸಲಾಗದು. ಬದುಕಿರುವವನ ಕಂಠಧಮನಿಯ ಕವಲುಗಳನ್ನು ಕ್ಷಕಿರಣದಿಂದ ಚಿತ್ರಿಸುವ ಉಪಾಯವನ್ನು 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜನು ಕಂಡುಹಿಡಿದನು. ಧಮನಿಯು ಕವಲಾಗುವಲ್ಲಿ ರಕ್ತದ ಪ್ರಾಣವಾಯುವನ್ನು ಕಾವಲುಗಾರನಂತೆ ಪರೀಕ್ಷಿಸುವ ಒಂದು ಪುಟ್ಟ ಗಂಟು ಇರುವುದು. ಅದರ ಕಾರ್ಯವನ್ನು ಶೋಧಿಸಿದ ಬೆಲ್ಜಿಯಂ ದೇಶದ ಹೇಮನ್ಸ್ ಅವರಿಗೆ 1938ನೆಯ ವರ್ಷದ ನೊಬೆಲ್ ಪಾರಿತೋಷಕವು ಸಂದಿತು. ಅದೇ ಕವಲಿನ ಒಳಗೋಡೆಯಲ್ಲಿ ವಯಸ್ಸಾದಂತೆ ಕೊಬ್ಬು ಕಟ್ಟಿ ದಾರಿಯು ಕಿರಿದಾಗುವುದೆಂದೂ, ಅಲ್ಲಿಂದ ಕಳಚಿದ ಹೆಪ್ಪು ಮೆದುಳಿಗೆ ಏರಿ ಲಕ್ವ ಹೊಡೆಯಬಹುದೆಂದೂ 1951ರಲ್ಲಿ ಕೆನಡಾದ ಮಿಲ್ಲರ್ ಫಿಶರನು ಎತ್ತಿ ತೋರಿಸಿದನು. 1954ರಲ್ಲಿ ಲಂಡನ್ನಿನ ಶಸ್ತ್ರವೈದ್ಯರು ಕಿರಿದಾದ ಭಾಗವನ್ನು ತೆಗೆದು ನಾಳವನ್ನು ಮತ್ತೆ ಜೋಡಿಸಿದರು. ಒಂದು ಕಣ್ಣಿಗೆ ತೆರೆ ಬಿದ್ದಂತಾಗಿ ಕೆಲವು ನಿಮಿಷಗಳಲ್ಲಿ ತಿಳಿಯಾಗುವುದು, ಒಂದು ಕೈ ಜೋಲು ಬಿದ್ದು ಮತ್ತೆ ಸರಿಹೋಗುವುದು, ಮಾತು ಒಮ್ಮೆ ತೊದಲಿ ನೆಟ್ಟಗಾಗುವುದು, ಇವು ಕಂಠಧಮನಿಯು ಮುಂಚಿತವಾಗಿ ಕಳಿಸುವ ಓಲೆಗಳಾಗಿರಬಹುದು. ಸರಿಹೋಯಿತೆಂದು ಸುಮ್ಮನಾಗುವುದೂ, ಲಕ್ವ ಹೊಡೆದವನನ್ನು ಎಣ್ಣೆ ತಿಕ್ಕುವವರ ಬಳಿಗೂ ಸೊಪ್ಪಿನ ರಸ ಹಿಂಡುವವರ ಬಳಿಗೂ ಒಯ್ಯುವುದೂ ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಹೆಪ್ಪಿನಿಂದಾದ ಲಕ್ವಕ್ಕೆ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗೆ ಕೊಡಬೇಕು. ತಡವಾದಷ್ಟೂ ಮೆದುಳು ನಷ್ಟವಾಗುವುದು. ನೋಡದೆ ನಂಬುವ ಅಭ್ಯಾಸಕ್ಕೆ ಹಿಂದೆ ಶಾಸ್ತ್ರವು ಬೆಲೆ ತೆತ್ತಿತು. ಇಂದು ಮನೆಯ ಹಿರಿಯನ ಕೈಕಾಲುಗಳೇ ಆ ಬೆಲೆಯಾಗುವುವು.

2010ರ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ನಡೆದ ಒಂದು ಕಾರ್ಯವು ಈ ದೀರ್ಘಚರಿತ್ರೆಗೆ ಕನ್ನಡನಾಡು ಸೇರಿಸಿದ ಪುಟವಾಗಿದೆ. ಬೈಲಹೊಂಗಲದ ಆಯುರ್ವೇದ ವೈದ್ಯರಾದ ರಾಮಣ್ಣವರರು ತಾವು ತೀರಿದ ಮೇಲೆ ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದೂ, ಶಾರೀರಶಾಸ್ತ್ರದ ಅಧ್ಯಾಪಕನಾದ ತಮ್ಮ ಮಗನೇ ಅದನ್ನು ಶೋಧಿಸಬೇಕೆಂದೂ ಬರೆದಿಟ್ಟಿದ್ದರು. 2008ರಲ್ಲಿ ಅವರು ತೀರಿಕೊಂಡರು. ಎರಡು ವರ್ಷಗಳ ತರುವಾಯ ಮಗನು ತಂದೆಯ ಮಾತನ್ನು ವಿದ್ಯಾರ್ಥಿಗಳ ಸಮಕ್ಷದಲ್ಲಿ ನಡೆಯಿಸಿಕೊಟ್ಟನು. ಸುಶ್ರುತನನ್ನು ಪಾಠ ಹೇಳುವ ಮನೆಯಲ್ಲಿಯೇ ಸುಶ್ರುತನ ವಿಧಿಯು ಹೀಗೆ ನೆರವೇರಿತು. ಪಿತೃಋಣವನ್ನೂ ಋಷಿಋಣವನ್ನೂ ಒಟ್ಟಿಗೆ ತೀರಿಸುವ ಇಂಥ ಕರ್ಮವನ್ನು ಅಶೌಚವೆನ್ನಲು ಯಾರಿಗೂ ಬಾಯಿ ಬಾರದು. ಅಶೌಚಭಯದಿಂದ ನಾವು ಕಳೆದುಕೊಂಡ ಕಣ್ಣನ್ನು ಒಬ್ಬ ತಂದೆಯು ತನ್ನ ದೇಹವನ್ನೇ ಕೊಟ್ಟು ಮರಳಿ ದೊರಕಿಸಿದನು. ಅಂಥ ದಾನಿಗಳು ಹೆಚ್ಚಿದಂತೆ ನಾಡಿನ ವೈದ್ಯರ ಕೈಯೂ ಪಳಗುವುದು. ಗ್ರಂಥಗಳಲ್ಲಿ ಉಳಿದ ಹೆಸರುಗಳಿಗೆ ಅವುಗಳ ವಸ್ತುಗಳು ಒಂದೊಂದಾಗಿ ಮರಳಿ ದೊರೆಯುವುವು.